ಪರಸ್ಪರ ಸಮ್ಮತಿಯ ವಿವಾಹ ವಿಚ್ಛೇದನ: ಚರಿತ್ರೆ ಮತ್ತು ಶ್ರಾವಕಧರ್ಮ

ಶ್ರಾವಕಧರ್ಮದಲ್ಲಿ ಗೃಹಸ್ಥ ಜೀವನಕ್ಕೆ ಹಿರಿದಾದ ಸ್ಥಾನವಿದೆ. ಜಿನಪೂಜೆ, ಸ್ವಾಧ್ಯಾಯ, ಮುನಿಗಳಿಗೆ ಆಹಾರದಾನ, ಮಕ್ಕಳಿಗೆ ಸಂಸ್ಕಾರ ಇವೆಲ್ಲವೂ ದಂಪತಿಗಳು ಕೂಡಿ ನಡೆಸುವ ಮನೆಯನ್ನು ಆಶ್ರಯಿಸಿವೆ. ಆದ್ದರಿಂದಲೇ ಮದುವೆಯ ಸಂಬಂಧ ಕಡಿದುಹೋಗುವ ಮಾತನ್ನು ಎತ್ತಲು ಸಮಾಜದ ಹಿರಿಯರು ಹಿಂಜರಿಯುತ್ತಾರೆ. ಈ ಹಿಂಜರಿಕೆ ಸಹಜವಾದದ್ದು, ಗೌರವಕ್ಕೂ ಯೋಗ್ಯವಾದದ್ದು. ಆದರೆ ಮಾತನಾಡದೆ ಇದ್ದ ಮಾತ್ರಕ್ಕೆ ಬೇನೆ ಇಲ್ಲದಂತಾಗುವುದಿಲ್ಲ. ಕೂಡಿ ಬಾಳಲಾರೆವೆಂದು ಗಂಡಹೆಂಡಿರಿಬ್ಬರೂ ತೀರ್ಮಾನಿಸಿದ ಮೇಲೆ ಅವರು ಹೇಗೆ ಬೇರೆಯಾಗಬೇಕು, ಆ ಬಿಡುಗಡೆಯಲ್ಲಿ ಧರ್ಮವೆಷ್ಟು ಉಳಿಯಬಲ್ಲದು ಎಂಬುದು ಇಂದಿನ ಅನೇಕ ಕುಟುಂಬಗಳ ಮುಂದಿರುವ ಪ್ರಶ್ನೆ.

ರಾಯಚೂರು ನಗರದ ಉತ್ತರಕ್ಕೆ ಕೃಷ್ಣಾ ತೀರದಲ್ಲಿರುವ ಶಕ್ತಿನಗರವನ್ನು ನೋಡಿದರೆ ಈ ಪ್ರಶ್ನೆಯ ಹೊಸ ರೂಪ ತಿಳಿಯುತ್ತದೆ. 1985ರಲ್ಲಿ ಅಲ್ಲಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಕೆಲಸ ಆರಂಭಿಸಿತು. ಮುಂದೆ ಎಂಟು ಘಟಕಗಳಾಗಿ, 1720 ಮೆಗಾವಾಟ್ ಸಾಮರ್ಥ್ಯದ ಕೇಂದ್ರವಾಗಿ ಅದು ಬೆಳೆಯಿತು. ಉದ್ಯೋಗವನ್ನರಸಿ ಬಂದವರಿಗಾಗಿ ವಸತಿಗೃಹಗಳ ಸಾಲು ಎದ್ದಿತು. ಇಂತಹ ಊರಿನಲ್ಲಿ ದಂಪತಿಗಳು ತಮ್ಮ ಹಿರಿಯರಿಂದಲೂ ಹುಟ್ಟಿದೂರಿನ ದೈವದವರಿಂದಲೂ ದೂರವಿರುತ್ತಾರೆ. ದೇವದುರ್ಗ, ಮಾನ್ವಿಗಳಂತಹ ಹಳೆಯ ಊರುಗಳಲ್ಲಿ ಮನಸ್ತಾಪ ಬಂದರೆ ಓಣಿಯ ಹಿರಿಯರು ಸಂಜೆಯೊಳಗೆ ಮನೆಯ ಕಟ್ಟೆಗೆ ಬಂದು ಕೂರುತ್ತಿದ್ದರು. ವಸತಿಗೃಹದ ಮುಚ್ಚಿದ ಬಾಗಿಲೊಳಗೆ ನಡೆಯುವ ಮನಸ್ತಾಪ ಹೊರಗೆ ತಿಳಿಯುವ ಹೊತ್ತಿಗೆ ಹೆಣ್ಣುಮಗಳು ತವರುಮನೆ ಸೇರಿ ವರ್ಷವೇ ಕಳೆದಿರುತ್ತದೆ. ಆಗ ಮೂರು ದಾರಿಗಳು ಕಾಣುತ್ತವೆ: ಏನನ್ನೂ ತೀರ್ಮಾನಿಸದೆ ಸುಮ್ಮನೆ ಬೇರೆ ಬೇರೆಯಾಗಿ ಇದ್ದುಬಿಡುವುದು, ಪಂಚರ ಮುಂದೆ ಛಾಪಾ ಕಾಗದದ ಮೇಲೆ ಬರೆದುಕೊಂಡು ಬಿಡುವುದು, ಇಬ್ಬರೂ ಕೂಡಿ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸುವುದು. ಈ ಮೂರರಲ್ಲಿ ಯಾವುದು ನ್ಯಾಯಸಮ್ಮತ, ಯಾವುದು ಧರ್ಮಸಮ್ಮತ ಎಂಬುದನ್ನು ತಿಳಿಯಲು ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕಾಗುತ್ತದೆ.

ಪ್ರಾಚೀನ ವಿಚಾರ

ಪರಸ್ಪರ ಸಮ್ಮತಿಯ ಬಿಡುಗಡೆ ಪಾಶ್ಚಾತ್ಯರಿಂದ ಬಂದ ಹೊಸ ವಿಚಾರವೆಂದು ಹಲವರು ನಂಬಿದ್ದಾರೆ. ಈ ನಂಬಿಕೆಯನ್ನು ಸಡಿಲಿಸಿದ ಗ್ರಂಥ ಬೆಳಕಿಗೆ ಬಂದದ್ದು ಕನ್ನಡನಾಡಿನಲ್ಲಿಯೇ ಎಂಬುದು ಗಮನಾರ್ಹ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಗುರುತಿಸಿ, 1909ರಲ್ಲಿ ಅದನ್ನು ಪ್ರಕಟಿಸಿದರು. ಆ ಗ್ರಂಥದ ವಿವಾಹ ಪ್ರಕರಣದಲ್ಲಿ ಗಂಡಹೆಂಡಿರ ಬಿಡುಗಡೆಯ ವಿಚಾರ ಬರುತ್ತದೆ. ಒಬ್ಬರಿಗೆ ಮಾತ್ರ ದ್ವೇಷವಿದ್ದು ಇನ್ನೊಬ್ಬರು ಒಪ್ಪದಿದ್ದರೆ ಬಿಡುಗಡೆಯಿಲ್ಲ. ದ್ವೇಷ ಪರಸ್ಪರವಾಗಿದ್ದರೆ ಬಿಡುಗಡೆಯುಂಟು ಎಂಬುದು ಅಲ್ಲಿಯ ನಿಯಮದ ತಾತ್ಪರ್ಯ. ಬಿಡುಗಡೆಗೆ ಗ್ರಂಥಕಾರ ಬಳಸುವ ಮಾತು ‘ಮೋಕ್ಷ’ ಎಂಬುದು ಜೈನ ಓದುಗರ ಕಿವಿಗೆ ವಿಚಿತ್ರವೆನಿಸಬಹುದು. ಕರ್ಮಬಂಧದಿಂದ ಆತ್ಮ ಪಡೆಯುವ ಮೋಕ್ಷಕ್ಕೂ ಈ ಲೌಕಿಕ ಮೋಕ್ಷಕ್ಕೂ ಸಂಬಂಧವಿಲ್ಲ. ಎರಡರಲ್ಲಿಯೂ ಬಂಧದಿಂದ ಬಿಡುವುದೆಂಬ ಅರ್ಥ ಮಾತ್ರ ಸಮಾನ. ಬ್ರಾಹ್ಮ, ದೈವ, ಆರ್ಷ, ಪ್ರಾಜಾಪತ್ಯಗಳೆಂಬ ನಾಲ್ಕು ಧರ್ಮವಿವಾಹಗಳಲ್ಲಿ ಬಿಡುಗಡೆಯಿಲ್ಲವೆಂದೂ ಕೌಟಿಲ್ಯ ಹೇಳಿದ್ದಾನೆ.

ಸ್ಮೃತಿಕಾರರಲ್ಲಿಯೂ ಅಭಿಪ್ರಾಯಭೇದವಿತ್ತು. ಮನು ಬಿಡುಗಡೆಯನ್ನು ಒಪ್ಪಲಿಲ್ಲ. ನಾರದ ಪರಾಶರರು ಪತಿ ಕಾಣೆಯಾದಾಗ, ಸತ್ತಾಗ, ಸಂನ್ಯಾಸ ತೆಗೆದುಕೊಂಡಾಗ, ನಪುಂಸಕನಾದಾಗ, ಪತಿತನಾದಾಗ ಸ್ತ್ರೀಗೆ ಬೇರೆ ಪತಿಯನ್ನು ವಿಧಿಸಿದರು. ಕಾಲಕ್ರಮೇಣ ಮೇಲ್ಜಾತಿಗಳಲ್ಲಿ ಮನುವಿನ ಮತವೇ ಗಟ್ಟಿಯಾಯಿತು.

ಜೈನಾಚಾರ್ಯರು ವಿವಾಹವನ್ನು ಹೇಗೆ ಕಂಡರು? ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನಿಗೆ ಪೂಜ್ಯರಾಗಿದ್ದ ಜಿನಸೇನಾಚಾರ್ಯರು ತಮ್ಮ ಆದಿಪುರಾಣದಲ್ಲಿ 53 ಗರ್ಭಾನ್ವಯ ಕ್ರಿಯೆಗಳನ್ನು ವಿವರಿಸಿ, ವಿವಾಹವನ್ನು 17ನೆಯದಾಗಿ ಇರಿಸಿದರು. ಅಮೋಘವರ್ಷನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ರಾಯಚೂರು ಸೀಮೆಗೆ ಬಹಳ ದೂರದ್ದಲ್ಲ. ವಿವಾಹ ಪವಿತ್ರವಾದ ಕ್ರಿಯೆ. ಆದರೂ ಅದು ಸಂಸಾರದೊಳಗಿನ ಕ್ರಿಯೆ, ಅದೇ ಮುಕ್ತಿಯ ಸಾಧನವಲ್ಲ. ಸಾಮಾನ್ಯ ಶಕ 959ರಲ್ಲಿ ಯಶಸ್ತಿಲಕವನ್ನು ಮುಗಿಸಿದ ಸೋಮದೇವಸೂರಿಗಳು ಲೌಕಿಕ ಧರ್ಮವನ್ನೂ ಪಾರಮಾರ್ಥಿಕ ಧರ್ಮವನ್ನೂ ಬೇರೆ ಬೇರೆಯಾಗಿ ಎಣಿಸಿದರು. ಲೋಕದ ವಿಧಿಗಳನ್ನು ಜೈನನು ಅನುಸರಿಸಬಹುದು. ಆದರೆ ಅವುಗಳಿಂದ ಶ್ರದ್ಧೆ ಕೆಡಬಾರದು, ಹಿಡಿದ ವ್ರತಕ್ಕೆ ಕಳಂಕ ಬರಬಾರದು ಎಂಬುದು ಅವರ ಅಭಿಪ್ರಾಯದ ಸಾರ. ವಿಚ್ಛೇದನದ ಕಾನೂನನ್ನು ಅಳೆಯಲು ಶ್ರಾವಕನಿಗೆ ಇದಕ್ಕಿಂತ ಉತ್ತಮವಾದ ಅಳತೆಗೋಲು ಬೇಕಾಗಿಲ್ಲ.

ಇನ್ನೊಂದು ಸಂಗತಿಯನ್ನೂ ಇಲ್ಲಿ ನೆನೆಯಬೇಕು. ವಿವಾಹಿತನಾದ ಶ್ರಾವಕ ದೀಕ್ಷೆ ಪಡೆಯಲು ಬಯಸಿದರೆ ಮನೆಯವರ ಒಪ್ಪಿಗೆ ಕೇಳುವುದು, ಎಲ್ಲರಲ್ಲಿಯೂ ಕ್ಷಮೆ ಬೇಡುವುದು ಜೈನ ಪರಂಪರೆಯ ರೂಢಿ. ಅತ್ಯುನ್ನತವಾದ ಪಥಕ್ಕೆ ಹೊರಟವನೂ ಸಂಗಾತಿಯ ಸಮ್ಮತಿಯನ್ನು ಕಡೆಗಣಿಸಿ ಹೊರಡುವಂತಿಲ್ಲ. ದೀಕ್ಷೆ ಬೇರೆ, ವಿಚ್ಛೇದನ ಬೇರೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಆದರೆ ದಾಂಪತ್ಯದ ಬಂಧವನ್ನು ಬಿಡುವಾಗ ಸಮ್ಮತಿಯೂ ಕ್ಷಮೆಯೂ ಇರಬೇಕೆಂಬ ಪಾಠ ಆ ರೂಢಿಯಲ್ಲಿದೆ.

ಕನ್ನಡನಾಡಿನ ರೂಢಿಗಳು

ಗ್ರಂಥಗಳು ಏನೇ ಹೇಳಿರಲಿ, ನಾಡಿನ ಜನ ತಮ್ಮದೇ ರೂಢಿಗಳನ್ನು ಇಟ್ಟುಕೊಂಡಿದ್ದರು. ಉತ್ತರ ಕರ್ನಾಟಕದ ಅನೇಕ ಸಮುದಾಯಗಳಲ್ಲಿ ದೈವದವರ ಎದುರಿಗೆ ಸೋಡಚೀಟಿ ಬರೆದುಕೊಟ್ಟು ಸಂಬಂಧ ಬಿಡಿಸುವ ಪದ್ಧತಿಯಿತ್ತು. ಬಿಟ್ಟ ಹೆಣ್ಣು ಉಡಿಕೆಯ ಮೂಲಕ ಮತ್ತೊಂದು ಮನೆ ಸೇರಬಹುದಾಗಿತ್ತು. ನಿಜಾಮರ ಆಳ್ವಿಕೆಯ ಹೈದರಾಬಾದು ಸಂಸ್ಥಾನದ ಜಾತಿಗಳನ್ನು ಕುರಿತು ಸಯ್ಯದ್ ಸಿರಾಜ್ ಉಲ್ ಹಸನ್ ಅವರು 1920ರಲ್ಲಿ ಹೊರತಂದ ಗ್ರಂಥದಲ್ಲಿ ಬಿಡುಗಡೆ ಮತ್ತು ಮರುವಿವಾಹದ ಇಂತಹ ಪದ್ಧತಿಗಳು ಜಾತಿವಾರಾಗಿ ದಾಖಲಾಗಿವೆ. ಅಂದು ರಾಯಚೂರು ಆ ಸಂಸ್ಥಾನದ ಜಿಲ್ಲೆಯಾಗಿತ್ತು.

ಜೈನರಲ್ಲಿಯೂ ಒಂದೇ ರೀತಿ ಇರಲಿಲ್ಲ. ವಿಲಾಸ ಆದಿನಾಥ ಸಂಗವೆಯವರು ಜೈನ ಸಮಾಜವನ್ನು ಸಮೀಕ್ಷಿಸಿ 1959ರಲ್ಲಿ ಪ್ರಕಟಿಸಿದ ಗ್ರಂಥವನ್ನು ನೋಡಿದರೆ, ದಕ್ಷಿಣದ ಚತುರ್ಥ, ಪಂಚಮ ಮುಂತಾದ ಪಂಗಡಗಳಲ್ಲಿ ಬಿಡುಗಡೆ, ಮರುವಿವಾಹಗಳಿಗೆ ಅವಕಾಶವಿದ್ದುದೂ, ಉತ್ತರದಿಂದ ಬಂದ ವ್ಯಾಪಾರಿ ಪಂಗಡಗಳಲ್ಲಿ ಅದು ನಿಷಿದ್ಧವಾಗಿದ್ದುದೂ ತಿಳಿಯುತ್ತದೆ. ತುಳುನಾಡಿನ ಮೂಡುಬಿದಿರೆ ಕಾರ್ಕಳ ಸೀಮೆಯ ಅನೇಕ ಜೈನ ಮನೆತನಗಳು ಅಳಿಯಸಂತಾನ ಕಟ್ಟನ್ನು ಪಾಲಿಸುತ್ತಿದ್ದವು. ಅಲ್ಲಿ ಹೆಣ್ಣುಮಗಳ ಆಸ್ತಿಯ ನೆಲೆ ತಾಯಿಯ ಕುಟುಂಬದಲ್ಲಿತ್ತು. ಆದ್ದರಿಂದ ಮದುವೆ ಮುರಿದರೂ ಆಕೆ ಅನ್ನಕ್ಕೆ, ಆಶ್ರಯಕ್ಕೆ ಪರರ ಮುಖ ನೋಡಬೇಕಾಗಿರಲಿಲ್ಲ. ಬಿಡುಗಡೆಯಲ್ಲಿ ಹೆಣ್ಣಿನ ಸಮ್ಮತಿ ನಿಜವಾಗಬೇಕಾದರೆ ಆಕೆಯ ಕೈಯಲ್ಲಿ ಜೀವನೋಪಾಯವಿರಬೇಕೆಂಬ ಮಾತು ಇದರಿಂದ ಸ್ಪಷ್ಟವಾಗುತ್ತದೆ. 

ಪ್ರಾಂತಗಳ ಕಾನೂನುಗಳಿಂದ 1955ರವರೆಗೆ

ಇಪ್ಪತ್ತನೆಯ ಶತಮಾನದಲ್ಲಿ ರೂಢಿಯ ಜಾಗಕ್ಕೆ ಶಾಸನ ಬಂದಿತು. ಕೋಲ್ಹಾಪುರದ ಶಾಹು ಮಹಾರಾಜರು 1919ರಲ್ಲಿ ತಮ್ಮ ಸಂಸ್ಥಾನದಲ್ಲಿ ವಿಚ್ಛೇದನದ ಕಾನೂನನ್ನು ತಂದರು. ಮಹಾರಾಜರ ಚರಿತ್ರೆಯನ್ನು ಬರೆದವರು ದಕ್ಷಿಣದ ಜೈನ ಸಮಾಜಕ್ಕೆ ಚಿರಪರಿಚಿತರಾದ ಅಣ್ಣಾಸಾಹೇಬ ಲಠ್ಠೆಯವರು. 1899ರಲ್ಲಿ ಸ್ಥಾಪಿತವಾಗಿ ಮುಂದೆ ದಕ್ಷಿಣ ಭಾರತ ಜೈನ ಸಭೆಯೆಂದು ಹೆಸರಾದ ಸಂಸ್ಥೆಯ ಮೊದಲ ಕಾರ್ಯಕರ್ತರಲ್ಲಿ ಅವರೊಬ್ಬರು. ಕೋಲ್ಹಾಪುರದ ದಿವಾನರೂ, 1937ರಲ್ಲಿ ಮುಂಬಯಿ ಪ್ರಾಂತದ ಅರ್ಥಮಂತ್ರಿಗಳೂ ಆದರು. ಬರೋಡೆಯ ಸಯಾಜಿರಾವ್ ಗಾಯಕವಾಡರ ಸಂಸ್ಥಾನದಲ್ಲಿ 1931ರಲ್ಲಿ ಹಿಂದೂ ವಿಚ್ಛೇದನ ಕಾಯಿದೆ ಜಾರಿಯಾಯಿತು. 1947ರ ಮುಂಬಯಿ ಹಿಂದೂ ವಿಚ್ಛೇದನ ಕಾಯಿದೆ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಸೀಮೆಗಳಿಗೆ ಅನ್ವಯಿಸಿತು. 1949ರಲ್ಲಿ ಮದ್ರಾಸ್ ಪ್ರಾಂತದ ಕಾಯಿದೆ ಬಂದಿತು. ಅದೇ ವರ್ಷದ ಅಳಿಯಸಂತಾನ ಕಾಯಿದೆ ತುಳುನಾಡಿನ ಆ ಕಟ್ಟಿನ ಮದುವೆಗಳಿಗೂ ಅವುಗಳ ಬಿಡುಗಡೆಗೂ ಶಾಸನದ ರೂಪ ನೀಡಿತು.

ಹೀಗೆ ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕಾಲದಲ್ಲಿ, ಒಂದೇ ಪಂಗಡದ ಎರಡು ಕುಟುಂಬಗಳಿಗೆ ಎರಡು ಬಗೆಯ ನ್ಯಾಯ ದೊರೆಯುತ್ತಿತ್ತು. ವಿಜಾಪುರದ ಜೈನ ಹೆಣ್ಣುಮಗಳಿಗೆ 1947ರಲ್ಲಿ ತೆರೆದ ನ್ಯಾಯಾಲಯದ ಬಾಗಿಲು, ಕೃಷ್ಣೆಯನ್ನು ದಾಟಿ ರಾಯಚೂರು ಜಿಲ್ಲೆಗೆ ಬಂದರೆ ಇರಲಿಲ್ಲ. ಮುಂಬಯಿ, ಮದ್ರಾಸುಗಳ ಕಾಯಿದೆಗಳು ಹೈದರಾಬಾದಿಗೆ ಅನ್ವಯಿಸುತ್ತಿರಲಿಲ್ಲ.

ದೇಶಕ್ಕೆಲ್ಲ ಒಂದೇ ಸಂಹಿತೆ ಬೇಕೆಂಬ ಪ್ರಯತ್ನದ ಮೊದಲ ಹೊಣೆ ಹೊತ್ತವರು ಮಂಗಳೂರಿನಲ್ಲಿ ಜನಿಸಿದ ಸರ್ ಬೆನಗಲ್ ನರಸಿಂಗರಾಯರು. 1941ರಲ್ಲಿ ರಚಿತವಾಗಿ 1944ರಲ್ಲಿ ಮತ್ತೆ ಸೇರಿದ ಹಿಂದೂ ಕಾನೂನು ಸಮಿತಿಗೆ ಅವರೇ ಅಧ್ಯಕ್ಷರು. ಡಾ. ಅಂಬೇಡ್ಕರ್ ಅವರು ಆ ಸಂಹಿತೆಯನ್ನು ಸಂಸತ್ತಿನಲ್ಲಿ ಮಂಡಿಸಿ, ಅದು ಮುಂದುವರಿಯದೆ ಹೋದಾಗ 1951ರಲ್ಲಿ ಮಂತ್ರಿಪದವಿಯನ್ನು ತ್ಯಜಿಸಿದರು. ಕಡೆಗೆ ಹಿಂದೂ ವಿವಾಹ ಅಧಿನಿಯಮ 1955ರ ಮೇ 18ರಂದು ಜಾರಿಗೆ ಬಂದಿತು. ಅದರ 2ನೆಯ ಕಲಂ ಬೌದ್ಧರು, ಜೈನರು, ಸಿಖ್ಖರು ಇವರಿಗೂ ಅಧಿನಿಯಮ ಅನ್ವಯಿಸುತ್ತದೆಯೆಂದು ಹೆಸರಿಟ್ಟು ಹೇಳಿತು. ಅಂದಿನ್ನೂ ಹೈದರಾಬಾದು ರಾಜ್ಯದಲ್ಲಿದ್ದ ರಾಯಚೂರಿಗೂ ಅದು ಅನ್ವಯವಾಯಿತು. ಮರುವರ್ಷದ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು.

ಆದರೆ 1955ರ ಅಧಿನಿಯಮದಲ್ಲಿ ಪರಸ್ಪರ ಸಮ್ಮತಿಯ ಮಾತಿರಲಿಲ್ಲ. ಬಿಡುಗಡೆ ಬೇಕಾದವರು ಮತಾಂತರ, ಬುದ್ಧಿಭ್ರಮಣೆ, ವ್ಯಭಿಚಾರ ಮುಂತಾಗಿ ಎದುರಿನವರ ದೋಷವನ್ನೋ ನ್ಯೂನತೆಯನ್ನೋ ಎತ್ತಿ ಹೇಳಿ ಸಾಬೀತು ಮಾಡಬೇಕಾಗಿತ್ತು. ಹಿಂದಿನ ವರ್ಷದ ವಿಶೇಷ ವಿವಾಹ ಅಧಿನಿಯಮದಲ್ಲಿ ಈ ಸೌಲಭ್ಯವಿತ್ತು. ಆದರೆ ಅದು ಆ ಅಧಿನಿಯಮದಡಿ ಮದುವೆಯಾದವರಿಗೆ ಅಥವಾ ತಮ್ಮ ಮದುವೆಯನ್ನು ಅದರಡಿ ನೋಂದಾಯಿಸಿದವರಿಗೆ ಮಾತ್ರ. ಬಸದಿಯಲ್ಲಿಯೋ ಮನೆಯ ಚಪ್ಪರದಲ್ಲಿಯೋ ಸಪ್ತಪದಿ ತುಳಿದವರು ದೋಷಾರೋಪಣೆಯ ದಾರಿಯನ್ನೇ ಹಿಡಿಯಬೇಕಾಗಿತ್ತು.

1976ರ ತಿದ್ದುಪಡಿ

ಗಜೇಂದ್ರಗಡ ಮೂಲದ ಮನೆತನದ ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡಕರ್ ಅವರು ಅಧ್ಯಕ್ಷರಾಗಿದ್ದ ಕಾನೂನು ಆಯೋಗ 1974ರಲ್ಲಿ ತನ್ನ 59ನೆಯ ವರದಿಯನ್ನು ಸಲ್ಲಿಸಿತು. ಅದನ್ನು ಆಧರಿಸಿದ ತಿದ್ದುಪಡಿ 1976ರ ಮೇ 27ರಂದು ಜಾರಿಗೆ ಬಂದು, ಹಿಂದೂ ವಿವಾಹ ಅಧಿನಿಯಮಕ್ಕೆ 13-ಬಿ ಎಂಬ ಹೊಸ ಕಲಂ ಸೇರಿತು. ಅದಕ್ಕೆ ಮುಂಚೆ ಆದ ಮದುವೆಗಳಿಗೂ ಅದು ಅನ್ವಯಿಸುತ್ತದೆ.

ಈ ಕಲಮಿನ ವಿಧಾನ ವ್ಯಾಪಾರಿ ಕುಟುಂಬಗಳಿಗೆ ಸುಲಭವಾಗಿ ತಿಳಿಯುವಂಥದು. 1932ರ ಪಾಲುದಾರಿಕೆ ಕಾಯಿದೆಯ ಪ್ರಕಾರ ಎಲ್ಲ ಪಾಲುದಾರರೂ ಒಪ್ಪಿದರೆ ಅಂಗಡಿಯ ಪಾಲುದಾರಿಕೆಯನ್ನು ವಿಸರ್ಜಿಸಬಹುದು; ಆದರೆ ಲೆಕ್ಕ ಚುಕ್ತಾ ಆಗಿ, ಸಾರ್ವಜನಿಕ ಪ್ರಕಟಣೆ ಆಗುವವರೆಗೆ ಹೊಣೆ ತಪ್ಪುವುದಿಲ್ಲ. ಮದುವೆ ವ್ಯಾಪಾರವಲ್ಲ, ನಿಜ. ಆದರೂ ಒಪ್ಪಿಗೆ ಬೇರೆ, ಒಪ್ಪಿಗೆಯಂತೆ ಲೆಕ್ಕ ತೀರುವುದು ಬೇರೆ, ಅದಕ್ಕೆ ಅಧಿಕೃತ ಮುದ್ರೆ ಬೀಳುವುದು ಬೇರೆ ಎಂಬ ವಿವೇಕ ಎರಡರಲ್ಲಿಯೂ ಒಂದೇ.

ದಂಪತಿಗಳಿಬ್ಬರೂ ಕೂಡಿ ಒಂದೇ ಅರ್ಜಿ ಸಲ್ಲಿಸಬೇಕು. ಒಂದು ವರ್ಷವೋ ಅದಕ್ಕೂ ಹೆಚ್ಚು ಕಾಲವೋ ಬೇರೆಯಾಗಿ ಇದ್ದೇವೆ, ಕೂಡಿ ಬಾಳಲು ಆಗಲಿಲ್ಲ, ಮದುವೆಯನ್ನು ಕೊನೆಗಾಣಿಸಲು ಇಬ್ಬರೂ ಒಪ್ಪಿದ್ದೇವೆ ಎಂಬ ಮೂರು ಸಂಗತಿಗಳು ಅದರಲ್ಲಿರಬೇಕು. ಅರ್ಜಿ ಕೊಟ್ಟ ದಿನದಿಂದ 6 ತಿಂಗಳು ಕಳೆದ ಮೇಲೆ, 18 ತಿಂಗಳು ಮೀರುವ ಮೊದಲು, ಇಬ್ಬರೂ ಮತ್ತೆ ನ್ಯಾಯಾಲಯದ ಮುಂದೆ ಬಂದು ತಮ್ಮ ನಿಶ್ಚಯವನ್ನು ತಿಳಿಸಬೇಕು. ನ್ಯಾಯಾಧೀಶರು ವಿಚಾರಿಸಿ, ಮದುವೆ ನಡೆದದ್ದೂ ಅರ್ಜಿಯ ಮಾತುಗಳೂ ನಿಜವೆಂದು ಮನಗಂಡ ಮೇಲೆ ಡಿಕ್ರಿ ನೀಡುತ್ತಾರೆ. ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯುತ್ತದೆ. ಜೀವನಾಂಶ, ಸ್ತ್ರೀಧನದ ಒಡವೆ ವಸ್ತುಗಳ ವಾಪಸಾತಿ, ಮಕ್ಕಳ ಪಾಲನೆ, ಪರಸ್ಪರ ಹೂಡಿದ ಬೇರೆ ಮೊಕದ್ದಮೆಗಳ ಮುಕ್ತಾಯ ಇವುಗಳನ್ನು ಅರ್ಜಿಯ ಹೊತ್ತಿಗೇ ತೀರ್ಮಾನಿಸಿ ಬರೆದಿಡುವುದು ವಾಡಿಕೆ.

ಯಾವ ನ್ಯಾಯಾಲಯಕ್ಕೆ ಹೋಗಬೇಕೆಂಬುದಕ್ಕೆ ಒಂದು ಉದಾಹರಣೆಯನ್ನು ಊಹಿಸಬಹುದು. ಮದುವೆ ನಡೆದದ್ದು ದೇವದುರ್ಗದಲ್ಲಿ. ದಂಪತಿಗಳು ಕಡೆಯದಾಗಿ ಕೂಡಿ ಇದ್ದದ್ದು ಶಕ್ತಿನಗರದಲ್ಲಿ. ಹೆಂಡತಿ ಈಗ ಇರುವುದು ಮಾನ್ವಿಯ ತವರಿನಲ್ಲಿ. ಮದುವೆ ನಡೆದ ಸ್ಥಳ, ಕಡೆಯದಾಗಿ ಕೂಡಿ ವಾಸಿಸಿದ ಸ್ಥಳ ಇವುಗಳಲ್ಲಿ ಯಾವುದು ಯಾವ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತದೆಯೋ ಅಲ್ಲಿ ಅರ್ಜಿ ಸಲ್ಲಿಸಬಹುದು. ಹೆಂಡತಿ ಅರ್ಜಿದಾರಳಾಗಿದ್ದರೆ ಆಕೆ ವಾಸಿಸುವ ಸ್ಥಳವೂ ನಡೆಯುತ್ತದೆಯೆಂದು 2003ರ ತಿದ್ದುಪಡಿ ಸೇರಿಸಿತು. ಬಡತನದಿಂದ ವಕೀಲರನ್ನು ಇಟ್ಟುಕೊಳ್ಳಲಾರೆನೆಂದು ಯಾವ ಹೆಣ್ಣುಮಗಳೂ ಕೈಕಟ್ಟಿ ಕೂರಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಸ್ತ್ರೀಯರಿಗೆ ಆದಾಯದ ಮಿತಿಯನ್ನು ನೋಡದೆ ಉಚಿತ ನೆರವು ದೊರೆಯುತ್ತದೆ.

ಸಮ್ಮತಿ ಎಂದರೇನು

ಕಾನೂನಿನ ಮಾತು ಚಿಕ್ಕದು. ಅದರ ಅರ್ಥ ಸ್ಪಷ್ಟವಾಗಲು ದಶಕಗಳು ಹಿಡಿದವು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಎರಡು ಮುಖ್ಯ ವಿಷಯಗಳನ್ನು ಹೇಳಿತು. ಬೇರೆಯಾಗಿರುವುದೆಂದರೆ ಬೇರೆ ಮನೆಯಲ್ಲಿರುವುದೆಂದೇ ಅಲ್ಲ. ಒಂದೇ ಸೂರಿನಡಿ ಇದ್ದರೂ ಗಂಡಹೆಂಡಿರಂತೆ ಬಾಳದಿದ್ದರೆ ಅದೂ ಬೇರೆಯಾಗಿರುವುದೇ. ಎರಡನೆಯದಾಗಿ, ಸಮ್ಮತಿ ಅರ್ಜಿಯ ದಿನ ಇದ್ದರೆ ಸಾಲದು, ಡಿಕ್ರಿಯ ದಿನದವರೆಗೂ ಇರಬೇಕು. ನಡುವೆ ಇಬ್ಬರಲ್ಲಿ ಯಾರೊಬ್ಬರಾದರೂ ಮನಸ್ಸು ಬದಲಿಸಿ ಹಿಂದೆ ಸರಿಯಬಹುದು. 2009ರಲ್ಲಿ ಅದೇ ನ್ಯಾಯಾಲಯ, ಒಬ್ಬರು ಹಾಜರಾಗದಿದ್ದಾಗ ಅವರ ಮೌನವನ್ನೇ ಸಮ್ಮತಿಯೆಂದು ಊಹಿಸಲಾಗದೆಂದು ಹೇಳಿತು. ಎರಡು ಸಾವಿರ ವರ್ಷಗಳ ಹಿಂದಿನ ಕೌಟಿಲ್ಯನ ನಿಯಮದ ತಿರುಳೂ ಇದೇ: ಒಬ್ಬರ ಮನಸ್ಸು ಸಾಲದು, ಇಬ್ಬರದೂ ಬೇಕು.

ಆರು ತಿಂಗಳ ಕಾಯುವಿಕೆ ಮರುಯೋಚನೆಗಾಗಿ ಇಟ್ಟ ಅವಧಿ. ವರ್ಷಗಟ್ಟಲೆ ಬೇರೆಯಾಗಿದ್ದು, ಎಲ್ಲ ಸಂಧಾನ ಮುಗಿದವರಿಗೆ ಅದು ವ್ಯರ್ಥ ಯಾತನೆಯಾಗುತ್ತಿತ್ತು. 2017ರ ಸೆಪ್ಟೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯ ಈ ಅವಧಿ ಕಡ್ಡಾಯವಲ್ಲವೆಂದು ತೀರ್ಮಾನಿಸಿತು. ಅರ್ಜಿಗೆ ಮೊದಲೇ ಒಂದೂವರೆ ವರ್ಷ ಬೇರೆಯಾಗಿದ್ದರೆ, ಸಂಧಾನದ ಯತ್ನಗಳು ವಿಫಲವಾಗಿದ್ದರೆ, ಜೀವನಾಂಶ ಹಾಗೂ ಮಕ್ಕಳ ವಿಷಯ ಪ್ರಾಮಾಣಿಕವಾಗಿ ಇತ್ಯರ್ಥವಾಗಿದ್ದರೆ, ಕಾಯುವಿಕೆ ಸಂಕಟವನ್ನು ಬೆಳೆಸುವುದಷ್ಟೇ ಆಗಿದ್ದರೆ, ನ್ಯಾಯಾಲಯ ಅದನ್ನು ಮನ್ನಾ ಮಾಡಬಹುದು. 2023ರ ಮೇ 1ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಮತ್ತೆ ಕೂಡಲಾರದಂತೆ ಮುರಿದ ಮದುವೆಯನ್ನು ಸಂವಿಧಾನದ 142ನೆಯ ಅನುಚ್ಛೇದದಡಿ ಕೊನೆಗಾಣಿಸುವ ಅಧಿಕಾರ ಸರ್ವೋಚ್ಚ ನ್ಯಾಯಾಲಯಕ್ಕಿದೆಯೆಂದು ಹೇಳಿತು. ಇದು ಆ ನ್ಯಾಯಾಲಯಕ್ಕೆ ಮಾತ್ರ ಇರುವ ವಿಶೇಷ ಅಧಿಕಾರ; ಜಿಲ್ಲೆಯ ನ್ಯಾಯಾಲಯಗಳಿಗೆ 13-ಬಿ ಕಲಮೇ ಆಧಾರ.

ಛಾಪಾ ಕಾಗದದ ಭ್ರಮೆ

ಇಷ್ಟೆಲ್ಲ ಅವಕಾಶವಿದ್ದರೂ ಅನೇಕರು ಪಂಚರ ಕಾಗದದಲ್ಲೇ ಕೆಲಸ ಮುಗಿಸಲು ನೋಡುತ್ತಾರೆ. ನೋಟರಿಯ ಮುದ್ರೆಯಿದೆ, ಹಿರಿಯರ ಸಹಿಯಿದೆ, ಇನ್ನೇನು ಬೇಕು ಎಂಬುದು ಅವರ ವಾದ. 1955ರ ಅಧಿನಿಯಮದ 29ನೆಯ ಕಲಂ ರೂಢಿಯ ಬಿಡುಗಡೆಯನ್ನು ಉಳಿಸಿರುವುದು ನಿಜ. ಆದರೆ ಕರ್ನಾಟಕದಿಂದ ಹೋದ ಮೊಕದ್ದಮೆಯೊಂದರಲ್ಲಿ 2002ರಲ್ಲಿ ಸರ್ವೋಚ್ಚ ನ್ಯಾಯಾಲಯ, ಇಂತಹ ರೂಢಿಯಿದೆಯೆಂದು ಹೇಳುವವರು ಅದನ್ನು ಸ್ಪಷ್ಟವಾಗಿ ಪ್ರತಿಪಾದಿಸಿ ಸಾಕ್ಷ್ಯದಿಂದ ಸಾಬೀತು ಮಾಡಬೇಕೆಂದು ಹೇಳಿತು. ರೂಢಿ ಸಾಬೀತಾಗದಿದ್ದರೆ ಕಾಗದ ಬರಿಯ ಕಾಗದ. ಅದನ್ನು ನಂಬಿ ಮರುಮದುವೆಯಾದರೆ ಎರಡನೆಯ ಮದುವೆ ಶೂನ್ಯ. ದ್ವಿಪತ್ನಿತ್ವದ ಅಪರಾಧವೂ ಮೈಮೇಲೆ ಬರುತ್ತದೆ. ಎಲ್ಲಕ್ಕಿಂತ ಹೆಚ್ಚಿನ ಕಷ್ಟ ಎರಡನೆಯ ಹೆಂಡತಿಯಾಗಿ ಬಂದ, ಏನೂ ಅರಿಯದ ಹೆಣ್ಣುಮಗಳಿಗೆ. ಸಂಕೋಚದಿಂದ ನ್ಯಾಯಾಲಯವನ್ನು ತಪ್ಪಿಸಿಕೊಂಡ ಎರಡು ಮನೆತನಗಳ ತಪ್ಪಿಗೆ ಮೂರನೆಯ ಮನೆತನ ದಂಡ ತೆರುತ್ತದೆ.

ಜೈನರ ಅರ್ಜಿಗೆ ಬಂದ ಅಡ್ಡಿ

ಈ ಚರಿತ್ರೆಯ ಇತ್ತೀಚಿನ ಅಧ್ಯಾಯ ಜೈನ ಸಮಾಜಕ್ಕೇ ಸಂಬಂಧಿಸಿದ್ದು. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿತು. 2025ರ ಫೆಬ್ರವರಿಯಲ್ಲಿ ಇಂದೂರಿನ ಕುಟುಂಬ ನ್ಯಾಯಾಲಯ ಈ ಅಧಿಸೂಚನೆಯನ್ನು ಆಧರಿಸಿ, ಜೈನರು ಬೇರೆ ಧರ್ಮದವರೆಂದು ಘೋಷಿತರಾದ ಮೇಲೆ ಹಿಂದೂ ವಿವಾಹ ಅಧಿನಿಯಮದ ಪರಿಹಾರ ಅವರಿಗೆ ಸಲ್ಲದೆಂದು ಹೇಳಿ, ಜೈನ ದಂಪತಿಗಳು 13-ಬಿ ಕಲಮಿನಡಿ ಕೂಡಿ ಸಲ್ಲಿಸಿದ್ದ ಅರ್ಜಿಯನ್ನು ತಿರಸ್ಕರಿಸಿತು. ಈ ತರ್ಕ ನಿಂತಿದ್ದರೆ ದೇಶದ ಎಲ್ಲ ಜೈನ ಕುಟುಂಬಗಳ ವಿವಾಹ, ಜೀವನಾಂಶ, ಮಕ್ಕಳ ಪಾಲನೆಯ ಪ್ರಶ್ನೆಗಳೆಲ್ಲ ಸಂದೇಹಕ್ಕೆ ಒಳಗಾಗುತ್ತಿದ್ದವು. ಇಂದೂರಿನಲ್ಲಿರುವ ಮಧ್ಯಪ್ರದೇಶ ಉಚ್ಚ ನ್ಯಾಯಾಲಯದ ಪೀಠ 2025ರ ಮಾರ್ಚ್ 24ರಂದು ಆ ಆದೇಶವನ್ನು ರದ್ದುಪಡಿಸಿತು. ಅಲ್ಪಸಂಖ್ಯಾತರೆಂಬ ಅಧಿಸೂಚನೆ 1955ರ ಅಧಿನಿಯಮವನ್ನು ತಿದ್ದುವುದಿಲ್ಲ. ಅಧಿನಿಯಮ ಜೈನರನ್ನು ಹೆಸರಿಟ್ಟು ಸೇರಿಸಿಕೊಂಡಿದೆ ಎಂಬುದು ತೀರ್ಪಿನ ಸಾರಾಂಶ.

ಈ ಪ್ರಸಂಗದಲ್ಲಿ ಸಮಾಜ ಗಮನಿಸಬೇಕಾದ ವಿವೇಕವೊಂದಿದೆ. ಜೈನಧರ್ಮ ಸ್ವತಂತ್ರ ಧರ್ಮ. ಅದರ ದೇವ, ಗುರು, ಶಾಸ್ತ್ರಗಳು ಬೇರೆ. ಅದೇ ವೇಳೆಗೆ ವಿವಾಹದ ಲೌಕಿಕ ವಿಧಿಯಲ್ಲಿ ಜೈನರು ನೆರೆಹೊರೆಯವರೊಡನೆ ಒಂದೇ ಕಾನೂನಿನ ನೆರಳಿನಲ್ಲಿದ್ದಾರೆ. ಈ ಎರಡು ಮಾತುಗಳಲ್ಲಿ ವಿರೋಧವಿಲ್ಲ. ಒಂದು ವಸ್ತುವನ್ನು ಹಲವು ನಯಗಳಿಂದ ನೋಡಬೇಕೆಂದು ಕಲಿಸಿದ ಅನೇಕಾಂತದ ಅನುಯಾಯಿಗಳಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಶ್ರಾವಕಧರ್ಮದ ದೃಷ್ಟಿಯಲ್ಲಿ

ಕಾನೂನು ಅನುಮತಿಸಿದ್ದೆಲ್ಲ ಧರ್ಮವಾಗುವುದಿಲ್ಲ. ಸೋಮದೇವಸೂರಿಗಳ ಅಳತೆಗೋಲಿನಂತೆ, ಈ ಲೌಕಿಕ ವಿಧಿಯಿಂದ ವ್ರತಕ್ಕೆ ದೋಷ ತಗಲುವುದೋ ಇಲ್ಲವೋ ಎಂದು ನೋಡಬೇಕು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಮೂರು ಈ ವಿಷಯಕ್ಕೆ ನೇರವಾಗಿ ತಗಲುತ್ತವೆ.

ಮೊದಲನೆಯದು ರಹೋಭ್ಯಾಖ್ಯಾನ. ಸ್ತ್ರೀಪುರುಷರ ಏಕಾಂತದ ಸಂಗತಿಯನ್ನು ಹೊರಗೆ ಹಾಕುವುದೆಂದು ಪೂಜ್ಯಪಾದರು ಇದನ್ನು ವಿವರಿಸಿದ್ದಾರೆ. ದೋಷಾರೋಪಣೆಯ ಮೊಕದ್ದಮೆ ಗಂಡಹೆಂಡಿರನ್ನು ಈ ಅತಿಚಾರಕ್ಕೇ ದೂಡುತ್ತದೆ. ನಿನ್ನೆಯವರೆಗೆ ಒಂದೇ ಮನೆಯಲ್ಲಿ ಉಂಡವರು ಒಬ್ಬರ ಗುಟ್ಟನ್ನು ಒಬ್ಬರು ಸಾಕ್ಷಿಕಟ್ಟೆಯಲ್ಲಿ ನಿಂತು ಹೇಳಬೇಕಾಗುತ್ತದೆ. ಮಕ್ಕಳು ದೊಡ್ಡವರಾದ ಮೇಲೆ ಆ ಕಡತವನ್ನು ಓದಬಹುದು. ಪರಸ್ಪರ ಸಮ್ಮತಿಯ ಅರ್ಜಿಯಲ್ಲಿ ಯಾರ ಮೇಲೆಯೂ ದೂರು ಬರೆಯಬೇಕಾಗಿಲ್ಲ. ಹಿಂಸೆಯನ್ನು ಪೂರ್ತಿ ತಪ್ಪಿಸಲಾಗದ ಸಂದರ್ಭದಲ್ಲಿ ಅಲ್ಪ ಹಿಂಸೆಯ ದಾರಿಯನ್ನು ಆರಿಸುವುದು ಗೃಹಸ್ಥನ ಅಹಿಂಸೆಯಾದರೆ, 13-ಬಿ ಕಲಂ ಅಂತಹ ದಾರಿ.

ಎರಡನೆಯದು ಕೂಟಲೇಖಕ್ರಿಯೆ, ಎಂದರೆ ಸುಳ್ಳು ಪತ್ರ ಸೃಷ್ಟಿಸುವುದು. ಒಂದು ವರ್ಷ ಬೇರೆಯಾಗಿರದಿದ್ದರೂ ಹಾಗೆ ಬರೆದು ಸಹಿ ಹಾಕುವುದು, ಒಂದು ಮೊತ್ತವನ್ನು ಕಾಗದದಲ್ಲಿ ತೋರಿಸಿ ಬೇರೊಂದನ್ನು ಕೈಯಲ್ಲಿ ಕೊಡುವುದು, ಹೆದರಿಸಿ ಪಡೆದ ಸಹಿಯನ್ನು ಸಮ್ಮತಿಯೆಂದು ಹೇಳುವುದು ಇವೆಲ್ಲ ಇದರಲ್ಲಿ ಸೇರುತ್ತವೆ. ಮೂರನೆಯದು ನ್ಯಾಸಾಪಹಾರ, ಇಟ್ಟ ನ್ಯಾಸವನ್ನು ನುಂಗುವುದು. ಮದುವೆಯಲ್ಲಿ ಮಗಳ ಮೈಮೇಲೆ ಬಂದ ಒಡವೆ ಅತ್ತೆಮನೆಯ ತಿಜೋರಿಯಲ್ಲಿ ಇಟ್ಟ ನ್ಯಾಸವೇ ಹೊರತು ಆ ಮನೆಯ ಗಳಿಕೆಯಲ್ಲ. ಒಡವೆಯನ್ನು ಹಿಂದಿರುಗಿಸುವುದಾದರೆ ಸಹಿ ಹಾಕು ಎನ್ನುವ ಮಾತು ಚೌಕಾಶಿಯಾಗುತ್ತದೆ, ಸಮ್ಮತಿಯಾಗುವುದಿಲ್ಲ. ವ್ಯಾಪಾರದಲ್ಲಿ ಪರರ ಠೇವಣಿಯ ಒಂದು ಪೈಯನ್ನೂ ಮುಟ್ಟದವರು ಸೊಸೆಯ ಒಡವೆಯ ವಿಷಯದಲ್ಲಿ ಸಡಿಲವಾಗುವುದು ಶೋಭೆಯಲ್ಲ.

ವಿಚ್ಛೇದನದಿಂದ ಸ್ವದಾರಸಂತೋಷ ವ್ರತ ಮುರಿಯುವುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಆ ವ್ರತದ ಜೀವಾಳ ತನ್ನ ಸಂಗಾತಿಯಲ್ಲಿ ನಿಷ್ಠೆ. ಡಿಕ್ರಿ ಆಗುವವರೆಗೂ ಆ ನಿಷ್ಠೆ ಇಬ್ಬರ ಮೇಲೂ ಇರುತ್ತದೆ. ಅರ್ಜಿ ಕೊಟ್ಟಾಯಿತು, ಇನ್ನೇನು ಎಂದು ಬೇರೆ ಸಂಬಂಧದ ಮಾತುಕತೆಗೆ ತೊಡಗುವವರು ವ್ರತದ ಆಶಯವನ್ನು ಮೀರುತ್ತಾರೆ.

ಬಸದಿ, ದೇರಾಸರಗಳ ಟ್ರಸ್ಟುಗಳಿಗೂ ಇಲ್ಲಿ ಕರ್ತವ್ಯವಿದೆ. ಮದುವೆಗೆ ಮಂಟಪವನ್ನು ಕೊಡುವಾಗ, ವಧೂವರರಲ್ಲಿ ಯಾರಿಗಾದರೂ ಮೊದಲು ಮದುವೆಯಾಗಿದ್ದರೆ ನ್ಯಾಯಾಲಯದ ಡಿಕ್ರಿಯ ಪ್ರತಿಯನ್ನು ಕೇಳಿ ಪಡೆಯಬೇಕು. ಟ್ರಸ್ಟಿನ ಮುದ್ರೆಯುಳ್ಳ ಬಿಡುಗಡೆ ಪತ್ರವನ್ನು ಯಾರ ಒತ್ತಾಯಕ್ಕೂ ಕೊಡಬಾರದು. ಆ ಅಧಿಕಾರ ಟ್ರಸ್ಟಿಗಿಲ್ಲ. ಸಂಧಾನಕ್ಕೆ ಕುಳಿತಾಗ ಹೆಣ್ಣುಮಗಳ ಮಾತನ್ನು ಅತ್ತೆ ಮಾವಂದಿರೂ ತಂದೆ ತಾಯಿಗಳೂ ಇಲ್ಲದೆಡೆ, ಹಿರಿಯ ಶ್ರಾವಿಕೆಯೊಬ್ಬರ ಮುಂದೆ ಕೇಳಬೇಕು. ಇತ್ತ ಗಂಡನ ಮನೆಯ ಭಯ, ಅತ್ತ ತವರಿನ ಮಾನದ ಭಯ. ಎರಡರ ನಡುವೆ ಆಕೆಯ ನಿಜವಾದ ಮನಸ್ಸು ಕಾಣದೆ ಹೋಗುವುದುಂಟು. ಗಂಡುಮಗನ ವಿಷಯದಲ್ಲಿಯೂ ಹಿರಿಯರ ಹಟವೇ ಅವನ ಮಾತಾಗಿ ಬರುವುದುಂಟು. ಸಂಧಾನಕ್ಕೆ ಕುಳಿತವರ ಮೊದಲ ಕೆಲಸ ಕೂಡಿಸುವುದು. ಅದು ಆಗದಾಗ ಅನ್ಯಾಯವಿಲ್ಲದೆ ಬಿಡಿಸಲು ನೆರವಾಗುವುದು. ಬೇರೆಯಾದ ಮೇಲೆ ಇಬ್ಬರಿಗೂ ಅವರ ಮಕ್ಕಳಿಗೂ ಪೂಜೆಯಲ್ಲಿ, ಪಂಕ್ತಿಯಲ್ಲಿ, ಪಾಠಶಾಲೆಯಲ್ಲಿ ಹಿಂದಿನ ಸ್ಥಾನವೇ ಇರಬೇಕು. ಡಿಕ್ರಿಯಿಂದ ಗಂಡಹೆಂಡತಿಯ ಸಂಬಂಧ ಕೊನೆಗೊಳ್ಳುತ್ತದೆ; ಸಾಧರ್ಮಿಕ ಸಂಬಂಧ ಕೊನೆಗೊಳ್ಳುವುದಿಲ್ಲ.

ಪ್ರತಿವರ್ಷ ಪರ್ವದ ಕೊನೆಗೆ ಜೈನರು ಸಕಲ ಜೀವಿಗಳಲ್ಲಿ ಕ್ಷಮೆ ಬೇಡುತ್ತಾರೆ. ಅಂಗಡಿಯ ಗಿರಾಕಿಗೆ, ದೂರದ ಬಂಧುವಿಗೆ ಕ್ಷಮಾಪಣೆಯ ಪತ್ರ ಹೋಗುತ್ತದೆ. ಬೇರೆಯಾದ ಸಂಗಾತಿಗೆ ಮಾತ್ರ ಆ ಪತ್ರ ಹೋಗದಿದ್ದರೆ ಕ್ಷಮಾವಾಣಿ ಪೂರ್ಣವಾಗುವುದಿಲ್ಲ. ಎರಡು ಸಹಿಗಳನ್ನು ಕಾನೂನು ಕೇಳುತ್ತದೆ. ಆ ಸಹಿಗಳ ಹಿಂದೆ ವೈರವಿಲ್ಲದ ಎರಡು ಮನಸ್ಸುಗಳನ್ನು ಧರ್ಮ ಕೇಳುತ್ತದೆ.